ಗಾಳಿಕೊಡೆಯ ಪಂದ್ಯವೂ ಗೆಲುವಿನ ಲೆಕ್ಕವೂ

ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ ಹಾಲೋಕಳಿಯಂದು ನಡೆಯುವ ಕಂಬವೇರುವ ಆಟವನ್ನು ಯಾದಗಿರಿ, ಶಹಾಪುರ, ಸುರಪುರಗಳ ಕಡೆಯವರು ಚೆನ್ನಾಗಿ ಬಲ್ಲರು. ಏರುವವರ ಮೇಲೆ ನೀರನ್ನು ಎರಚುವರು. ಏರಿದವನು ಜಾರುವನು, ಜಾರಿದವನು ಮತ್ತೆ ಏರುವನು. ಕಡೆಗೆ ತುದಿಯನ್ನು ಮುಟ್ಟಿದವನೇ ಗೆದ್ದವನು. ಇದಕ್ಕೆ ಪಂಚರೂ ಬೇಡ, ಲೆಕ್ಕವೂ ಬೇಡ. ನೆರೆದ ಜನರ ಕಣ್ಣುಗಳೇ ಸಾಕ್ಷಿ. ಕುಸ್ತಿಯ ಕಣದಲ್ಲಿಯೂ ಹಾಗೆಯೇ. ಬೆನ್ನು ಮಣ್ಣಿಗೆ ತಾಕಿ ಚಿತ್ತಾದವನು ಸೋತನೆಂಬುದನ್ನು ಅವನ ಊರಿನವರೂ ಒಪ್ಪಲೇಬೇಕು. ನಮ್ಮ ಹಳೆಯ ಆಟಗಳಲ್ಲಿ ಅನೇಕವು ಹೀಗೆ ತಮ್ಮ ತೀರ್ಪನ್ನು ತಾವೇ ಹೇಳಿಕೊಳ್ಳುವಂಥವು.

ಆದರೆ ಸ್ಪರ್ಧಾಳುಗಳು ಒಬ್ಬರ ತರುವಾಯ ಒಬ್ಬರಂತೆ ಬಂದು, ಬೇರೆ ಬೇರೆ ಹೊತ್ತಿನಲ್ಲಿ ತಮ್ಮ ಶಕ್ತಿಯನ್ನು ತೋರಿಸಿ ಹೋಗುವ ಪಂದ್ಯಗಳೂ ಉಂಟು. ಅಲ್ಲಿ ಗೆಲುವು ಕಣ್ಣಿಗೆ ಕಾಣುವುದಿಲ್ಲ. ಅಳತೆಯಿಂದಲೂ ಗಣಿತದಿಂದಲೂ ಅದನ್ನು ಕಂಡುಹಿಡಿಯಬೇಕಾಗುತ್ತದೆ. ಅಳೆಯುವ ಕೋಲು ಸೊಟ್ಟಗಿದ್ದರೆ ಗೆದ್ದವನು ಸೋಲುವನು, ಸೋತವನು ಗೆಲ್ಲುವನು. ಕೆಲವು ಪಂದ್ಯಗಳಲ್ಲಿ ಪ್ರಾಣಕ್ಕೂ ಅಪಾಯ ತಟ್ಟುವುದು. ಈ ತೊಡಕು ಅತ್ಯಂತ ಸ್ಪಷ್ಟವಾಗಿ ಕಾಣುವುದು ಆಕಾಶದಿಂದ ಇಳಿಯುವವರ ಒಂದು ಪಂದ್ಯದಲ್ಲಿ. ‘ಎರೆಯ ಹೊಲದ ನಮಗೂ ಆಕಾಶದ ಆಟಕ್ಕೂ ಏನು ನಂಟು?’ ಎಂದು ವಾಚಕರು ಕೇಳಬಹುದು. ತುಸು ತಾಳಿದರೆ ನಂಟು ತಾನಾಗಿಯೇ ಕಂಡುಬರುವುದು.

ವಿಮಾನದಿಂದ ಧುಮುಕಿ ಪ್ಯಾರಾಶೂಟು ಎಂಬ ಗಾಳಿಕೊಡೆಯ ಆಸರೆಯಿಂದ ನೆಲಕ್ಕಿಳಿಯುವುದನ್ನು ಸೈನಿಕರ ವಿದ್ಯೆಯೆಂದು ಎಲ್ಲರೂ ಕೇಳಿದ್ದೇವೆ. ಅದು ಬಹುಕಾಲದಿಂದ ಪಂದ್ಯವೂ ಆಗಿದೆ. ಆ ಪಂದ್ಯಗಳಲ್ಲಿ ಕೊಡೆಯನ್ನು ನಡೆಸುವ ಕೌಶಲವೊಂದನ್ನೇ ಪರೀಕ್ಷಿಸುವ ಬಗೆಗೆ ‘ಕ್ಯಾನೊಪಿ ಪೈಲಟಿಂಗ್’ ಎಂದು ಹೆಸರು. ನಾವು ಅದನ್ನು ಕೊಡೆಸವಾರಿ ಎಂದು ಕರೆಯೋಣ. ಕುದುರೆಯನ್ನೇರಿದವನ ಚಾತುರ್ಯವೂ ಎದೆಗಾರಿಕೆಯೂ ಅದಕ್ಕೆ ಬೇಕು. ಇದರ ಮೊದಲನೆಯ ವಿಶ್ವಚಾಂಪಿಯನ್‌ಷಿಪ್ಪು ೨೦೦೬ರಲ್ಲಿ ಆಸ್ಟ್ರಿಯ ದೇಶದ ವಿಯೆನ್ನಾದಲ್ಲಿ ನಡೆಯಿತು. ೨೦೧೭ರಲ್ಲಿ ಪೋಲೆಂಡಿನ ವ್ರೋತ್ಸ್ವಾಫ್ ನಗರದಲ್ಲಿ ಜರುಗಿದ ‘ವರ್ಲ್ಡ್ ಗೇಮ್ಸ್’ ಎಂಬ ಕ್ರೀಡಾಕೂಟದಲ್ಲಿಯೂ ಇದು ಸೇರಿತ್ತು.

ಸವಾರನು ಸುಮಾರು ಒಂದೂವರೆ ಸಾವಿರ ಮೀಟರು ಎತ್ತರದಲ್ಲಿ ವಿಮಾನವನ್ನು ಬಿಟ್ಟು ಹೊರಬಿದ್ದು ಕೊಡೆಯನ್ನು ಬಿಚ್ಚುವನು. ಅವನ ಕೊಡೆಯ ಅಗಲವು ಹೊಸದಾಗಿ ಕಲಿಯುವವನ ಕೊಡೆಯ ಮೂರರಲ್ಲೊಂದು ಪಾಲಿನಷ್ಟು ಮಾತ್ರ. ಆದುದರಿಂದ ಅದರ ವೇಗ ಬಹಳ. ನೆಲವು ಸಮೀಪಿಸಿದಾಗ ಅವನು ಕೊಡೆಯನ್ನು ರಭಸದಿಂದ ತಿರುಗಿಸಿ ಗಿಡುಗನಂತೆ ಕೆಳಗೆರಗುವನು. ಕೆಳಗೆ ಒಂದು ಕೊಳ. ಕೊಳದ ಅಂಚಿನಲ್ಲಿ ಒಂದೂವರೆ ಮೀಟರು ಎತ್ತರದ ಗುರುತುಗಳನ್ನು ನೆಟ್ಟು ಮಾಡಿದ ದ್ವಾರ. ಎರಗಿದವನು ಕಡೆಯ ಗಳಿಗೆಯಲ್ಲಿ ಮಟ್ಟಸವಾಗಿ, ನೀರಿಗೆ ತಾಗಿಯೂ ತಾಗದಂತೆ ಆ ದ್ವಾರದೊಳಗೆ ನುಗ್ಗಬೇಕು. ಅಲ್ಲಿಂದ ಮುಂದೆ ಪರೀಕ್ಷೆಗಳು ಮೂರು. ಒಂದನೆಯದು ವೇಗ: ಎಪ್ಪತ್ತು ಮೀಟರು ಉದ್ದದ ಬಾಗಿದ ದಾರಿಯನ್ನು ಎಷ್ಟು ಕಡಿಮೆ ವೇಳೆಯಲ್ಲಿ ದಾಟುವನು? ಪಳಗಿದವರಿಗೆ ಎರಡು ಸೆಕೆಂಡುಗಳ ಮೇಲೆ ತುಸುವೇ ಸಾಕಾಗುತ್ತದೆ. ಎರಡನೆಯದು ದೂರ: ದ್ವಾರದಿಂದ ಎಷ್ಟು ದೂರ ತೇಲಿ ನೆಲವನ್ನು ಮುಟ್ಟುವನು? ಮೂರನೆಯದು ಗುರಿ: ನೀರಿನ ಮೇಲಿನ ದ್ವಾರಗಳಲ್ಲಿ ಕಾಲಿನಿಂದ ನೀರನ್ನು ಸೀಳುತ್ತ ಬಂದು, ದಡದ ಮೇಲೆ ಗೆರೆ ಎಳೆದು ಗುರುತಿಸಿದ ಮನೆಯಲ್ಲಿ ಎಷ್ಟು ಕರಾರುವಾಕ್ಕಾಗಿ ಇಳಿಯುವನು? ಇವಲ್ಲದೆ ಕಸರತ್ತಿನ ವಿಭಾಗವೊಂದು ಈಚೆಗೆ ಸೇರಿದೆ; ಅದು ನೋಡುವವರ ಅಭಿರುಚಿಗೆ ಬಿಟ್ಟ ಮಾತಾದುದರಿಂದ ಇಲ್ಲಿ ಬೇಡ.

ಈಗ ಲೆಕ್ಕಕ್ಕೆ ಬರೋಣ. ಒಬ್ಬನ ಸೆಕೆಂಡುಗಳನ್ನೂ ಮೀಟರುಗಳನ್ನೂ ಒಟ್ಟುಗೂಡಿಸುವುದು ಹೇಗೆ? ಸೇರಿಗೂ ಮೊಳಕ್ಕೂ ಕೂಡಿಕೆಯಾಗದು. ಅದಕ್ಕಾಗಿ ಮಾಡಿದ ಉಪಾಯವಿದು: ಒಂದು ಸುತ್ತಿನಲ್ಲಿ ಎಲ್ಲರಿಗಿಂತ ಮೇಲಾದವನಿಗೆ ನೂರು ಅಂಕ, ಮಿಕ್ಕವರಿಗೆ ಅವನ ಸಾಧನೆಯಲ್ಲಿ ಶೇಕಡಾ ಎಷ್ಟು ಪಾಲು ಮಾಡಿದರೋ ಅಷ್ಟು ಅಂಕ. ಕೇಳುವುದಕ್ಕೆ ಇದು ಧರ್ಮಕ್ಕೆ ಒಪ್ಪುವ ಮಾತಾಗಿಯೇ ತೋರುವುದು. ಆದರೆ ಇದರ ಹೊಟ್ಟೆಯಲ್ಲಿ ಒಂದು ವಿಚಿತ್ರವುಂಟು.

ಒಂದು ಮನೆಯ ಮೂವರು ಅಣ್ಣತಮ್ಮಂದಿರು ಪಂದ್ಯಕ್ಕೆ ಬಂದರೆಂದು ಭಾವಿಸಿರಿ. ದೂರದ ಪರೀಕ್ಷೆಯಲ್ಲಿ ಹಿರಿಯನು ೧೦೦ ಮೀಟರು, ನಡುವಿನವನು ೯೫ ಮೀಟರು ಹಾರಿದರು. ವೇಗದ ಪರೀಕ್ಷೆಯಲ್ಲಿ ನಡುವಿನವನೇ ಮೇಲಾಗಿ ೧೦೦ ಅಂಕಗಳನ್ನೂ ಹಿರಿಯನು ೯೫.೫ ಅಂಕಗಳನ್ನೂ ಪಡೆದರು. ಕಿರಿಯನನ್ನು ಸದ್ಯಕ್ಕೆ ಬಿಟ್ಟರೆ, ಹಿರಿಯನ ಮೊತ್ತ ೧೯೫.೫, ನಡುವಿನವನದು ೧೯೫. ಹಿರಿಯನೇ ಗೆದ್ದನು. ಈಗ ಕಿರಿಯನನ್ನು ಕರೆಯೋಣ. ಅವನ ಸರದಿ ಬಂದಾಗ ಬೆನ್ನಹಿಂದಿನಿಂದ ಒಳ್ಳೆಯ ಗಾಳಿ ಬೀಸಿ ಅವನು ೧೨೫ ಮೀಟರು ಹೋದನು. ಒಡನೆಯೇ ನೂರು ಅಂಕಗಳು ಅವನ ಪಾಲಾದುವು. ಹಿರಿಯನಿಗೆ ೮೦, ನಡುವಿನವನಿಗೆ ೭೬ ಉಳಿದುವು. ವೇಗದ ಪರೀಕ್ಷೆಯಲ್ಲಿ ಕಿರಿಯನು ದ್ವಾರವನ್ನೇ ತಪ್ಪಿಸಿಕೊಂಡು ಸೊನ್ನೆ ಪಡೆದನು. ಈಗ ಕೂಡಿ ನೋಡಿರಿ: ಹಿರಿಯನು ೧೭೫.೫, ನಡುವಿನವನು ೧೭೬, ಕಿರಿಯನು ೧೦೦. ಎಲ್ಲರಿಗಿಂತ ಕೊನೆಯಲ್ಲಿ ನಿಂತ ಕಿರಿಯನು ಹಿರಿಯನ ಕೈಯಿಂದ ಪದಕವನ್ನು ತೆಗೆದು ನಡುವಿನವನಿಗೆ ಕೊಟ್ಟಂತಾಯಿತು! ಹಿರಿಯನಾಗಲಿ ನಡುವಿನವನಾಗಲಿ ತಮ್ಮ ಹಾರಾಟದಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆ ಮಾಡಿಕೊಂಡಿರಲಿಲ್ಲ. ಇಬ್ಬರ ನಡುವಣ ವ್ಯಾಜ್ಯವನ್ನು ಮೂರನೆಯವನಿಗೆ ಬೀಸಿದ ಗಾಳಿ ತೀರ್ಮಾನಿಸಿತು.

ನ್ಯಾಯವಾದ ಲೆಕ್ಕಕ್ಕೆ ಮೊದಲನೆಯ ಲಕ್ಷಣವೇ ಇಲ್ಲಿ ತಪ್ಪಿದೆಯೆಂದು ನಮ್ಮ ಅಭಿಪ್ರಾಯ. ನನಗೂ ನಿನಗೂ ಇರುವ ಅಂತರವನ್ನು ನನ್ನ ಕೆಲಸವೂ ನಿನ್ನ ಕೆಲಸವೂ ನಿರ್ಣಯಿಸಬೇಕಲ್ಲದೆ ಪರರ ಅದೃಷ್ಟವಲ್ಲ. ಇದಕ್ಕೆ ಮದ್ದು ಇಲ್ಲದಿಲ್ಲ. ಹತ್ತು ಬಗೆಯ ಓಟ, ನೆಗೆತ, ಎಸೆತಗಳನ್ನು ಒಟ್ಟುಗೂಡಿಸುವ ಡೆಕಾಥ್ಲಾನ್ ಎಂಬ ಪಂದ್ಯದಲ್ಲಿ ಇಷ್ಟು ಸೆಕೆಂಡಿಗೆ ಇಷ್ಟು ಅಂಕ, ಇಷ್ಟು ಮೀಟರಿಗೆ ಇಷ್ಟು ಅಂಕ ಎಂದು ಮೊದಲೇ ಗೊತ್ತುಮಾಡಿದ ಕೋಷ್ಟಕವಿದೆ. ಈಗಿನ ಕೋಷ್ಟಕವು ೧೯೮೫ರಿಂದ ಬಂದದ್ದು. ಅದರಲ್ಲಿ ಬೇರೊಬ್ಬನು ಅದ್ಭುತವಾಗಿ ಎಸೆದನೆಂದು ನನ್ನ ಗಳಿಕೆ ಕರಗುವುದಿಲ್ಲ. ಕೊಡೆಸವಾರಿಗೂ ಇಂಥ ಸ್ಥಿರವಾದ ಕೋಷ್ಟಕವೇ ಮೇಲು. ಕೊಡೆಗಳು ವರ್ಷವರ್ಷಕ್ಕೂ ಸುಧಾರಿಸುವುದರಿಂದ ಕೋಷ್ಟಕ ಬೇಗನೆ ಹಳತಾಗುವುದೆಂಬ ಆಕ್ಷೇಪವಿದೆ. ಹಳತಾದಾಗ ತಿದ್ದಿಕೊಳ್ಳಬಹುದು, ಪಂದ್ಯದ ನಡುವೆ ತಾನೇ ತಿದ್ದಿಕೊಳ್ಳುವ ಕೋಷ್ಟಕಕ್ಕಿಂತ ಅದು ವಾಸಿ.

ಆದರೆ ಕೋಷ್ಟಕವು ಗಾಳಿಯನ್ನು ಕಟ್ಟಿಹಾಕಲಾರದು. ಒಬ್ಬನು ಹಾರುವಾಗ ಎಲೆಯೂ ಅಲುಗದು. ಐದು ನಿಮಿಷಗಳ ಮೇಲೆ ಬಂದವನಿಗೆ ವಾಯುದೇವನು ಪ್ರಸನ್ನನಾಗುವನು. ನೂರು ಮೀಟರು ಓಟದಲ್ಲಿ ಬೆನ್ನುಗಾಳಿಯ ವೇಗ ಸೆಕೆಂಡಿಗೆ ಎರಡು ಮೀಟರನ್ನು ಮೀರಿದರೆ ಆ ವೇಳೆಯನ್ನು ದಾಖಲೆಯೆಂದು ಎಣಿಸುವುದಿಲ್ಲ. ಹಿಮದ ಇಳಿಜಾರಿನಿಂದ ಸ್ಕೀ ಕಟ್ಟಿಕೊಂಡು ಹಾರುವವರ ಪಂದ್ಯದಲ್ಲಿ ಇನ್ನೂ ಮುಂದುವರಿದು, ೨೦೦೯ರಿಂದ, ಗಾಳಿಯನ್ನಳೆದು ಅಂಕಗಳನ್ನು ಕೂಡಿಸುವ ಕಳೆಯುವ ಪದ್ಧತಿಯನ್ನು ಪ್ರಯೋಗಿಸಿದರು. ಅಲ್ಲಿ ಎದುರುಗಾಳಿಯೇ ಸಹಾಯಕ. ಅದನ್ನು ಪಡೆದವನಿಗೆ ಕಳೆಯುವರು, ಬೆನ್ನುಗಾಳಿಗೆ ಸಿಕ್ಕಿದವನಿಗೆ ಕೂಡಿಸುವರು. ಯುಕ್ತಿಯೇನೋ ಸೊಗಸಾಗಿದೆ, ಆದರೆ ಗಾಳಿಯನ್ನಳೆಯುವ ಯಂತ್ರ ಒಂದು ಕಡೆಯಲ್ಲಿರುತ್ತದೆ, ಹಾರುವವನು ಇನ್ನೊಂದು ಕಡೆಯಲ್ಲಿರುತ್ತಾನೆ. ಕೊಡೆಸವಾರನ ಪರೀಕ್ಷೆಯೆಲ್ಲ ಎರಡು ಮೂರು ಸೆಕೆಂಡುಗಳದು. ಅಷ್ಟರೊಳಗೆ ಬಂದು ಹೋಗುವ ಒಂದು ಬೀಸನ್ನು ತಕ್ಕಡಿಯಲ್ಲಿ ತೂಗುವೆನೆಂದರೆ ಸಾಹಸವೇ ಸರಿ. ಮೇರೆಮೀರಿದ ಗಾಳಿಯಲ್ಲಿ ಹಾರಿಸದಿರುವುದು, ಸುತ್ತುಗಳನ್ನು ಹೆಚ್ಚಿಸಿ ಸರದಿಯನ್ನು ಸುತ್ತುಸುತ್ತಿಗೂ ತಿರುಗಿಸುವುದು, ಇವೇ ಹೆಚ್ಚು ನಂಬತಕ್ಕ ಮಾರ್ಗಗಳು. ಅದೃಷ್ಟವನ್ನು ಅಳಿಸಲಾಗದಿದ್ದರೆ ಎಲ್ಲರಿಗೂ ಹಂಚುವುದಾದರೂ ಸಾಧ್ಯ.

ದ್ವಾರವನ್ನು ತಪ್ಪಿದವನಿಗೆ ಸೊನ್ನೆ ಎಂಬ ನಿಯಮವನ್ನೂ ನೋಡಬೇಕು. ಪ್ರಾಣದ ಮಾತು ಬರುವುದು ಇಲ್ಲಿಯೇ. ಸವಾರನು ಎರಗುತ್ತಿರುವಾಗ ತನ್ನ ಅಂದಾಜು ತಪ್ಪಿತೆಂದು ತಿಳಿದರೆ ಕೊಡೆಯನ್ನು ಮೇಲೆತ್ತಿ ಸುಮ್ಮನೆ ಇಳಿದುಬಿಡುವುದು ವಿವೇಕ. ಆದರೆ ವಿವೇಕಕ್ಕೆ ಸೊನ್ನೆ, ದುಸ್ಸಾಹಸಕ್ಕೆ ತೊಂಬತ್ತು ಎಂದರೆ ಯುವಕನು ಯಾವುದನ್ನು ಆರಿಸುವನು? ಅಷ್ಟು ತಗ್ಗಿನಲ್ಲಿ ರಭಸದಿಂದ ತಿರುಗಿಸಿ ನೆಲಕ್ಕಪ್ಪಳಿಸಿ ಸತ್ತವರು ಈ ವಿದ್ಯೆಯ ಇತಿಹಾಸದಲ್ಲಿ ಹಲವರುಂಟು. ಪಂದ್ಯವನ್ನು ಕೊಳದ ಮೇಲೆ ನಡೆಸುವುದೂ ನೆಲಕ್ಕಿಂತ ನೀರು ಕರುಣಾಳುವೆಂದೇ. ಆದರೂ ಗಂಟೆಗೆ ನೂರು ಕಿಲೋಮೀಟರಿಗಿಂತ ಮಿಕ್ಕ ವೇಗದಲ್ಲಿ ಬಿದ್ದವನಿಗೆ ನೀರೂ ಕಲ್ಲೇ. ಹಿಂದೆಗೆದವನಿಗೂ ಸ್ವಲ್ಪ ಅಂಕವನ್ನು ಉಳಿಸುವುದಾಗಲಿ, ಹಲವು ಸುತ್ತುಗಳಲ್ಲಿ ಅತಿ ಕೆಟ್ಟದ್ದೊಂದನ್ನು ಲೆಕ್ಕದಿಂದ ಬಿಡುವುದಾಗಲಿ ಮಾಡಿದರೆ, ಮರಳಿ ಮನೆಗೆ ಹೋಗುವ ಬುದ್ಧಿಗೆ ನಿಯಮವೇ ಬೆಂಬಲ ಕೊಟ್ಟಂತಾಗುವುದು.

ನೀರನ್ನು ಸೀಳುತ್ತ ನುಗ್ಗುವ ಪಂದ್ಯವೆಂದೊಡನೆ ಕನ್ನಡ ನಾಡಿನವರಿಗೆ ನೆನಪಾಗುವುದು ಕರಾವಳಿಯ ಕಂಬಳ. ಕೆಸರು ನೀರಿನ ಗದ್ದೆಯಲ್ಲಿ ಕೋಣಗಳ ಜೋಡಿಯನ್ನು ಓಡಿಸುವ ಈ ಆಟದಲ್ಲಿ ಓಟದ ದಾರಿಗೆ ‘ಕರೆ’ ಎಂದೂ, ಹೊರಡುವ ಕಡೆಗೆ ‘ಗಂತು’ ಎಂದೂ, ಮುಟ್ಟುವ ಕಡೆಗೆ ‘ಮಂಜೊಟ್ಟಿ’ ಎಂದೂ ಹೆಸರು. ೨೦೨೦ರ ಫೆಬ್ರವರಿ ೧ರಂದು ಐಕಳದಲ್ಲಿ ಮೂಡುಬಿದಿರೆಯ ಕಡೆಯ ಶ್ರೀನಿವಾಸ ಗೌಡರು ೧೪೨.೫ ಮೀಟರು ಕರೆಯನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಯಾರೋ ತ್ರೈರಾಶಿ ಹಾಕಿದರು: ಹಾಗಾದರೆ ನೂರು ಮೀಟರಿಗೆ ೯.೫೫ ಸೆಕೆಂಡು! ಜಮೈಕಾದ ಉಸೇನ್ ಬೋಲ್ಟರು ೨೦೦೯ರಲ್ಲಿ ಬರ್ಲಿನಿನಲ್ಲಿ ಓಡಿದ್ದು ೯.೫೮ ಸೆಕೆಂಡು. ಸುದ್ದಿ ದೇಶವನ್ನೆಲ್ಲ ಸುತ್ತಿತು. ಕೇಂದ್ರದ ಕ್ರೀಡಾಮಂತ್ರಿಗಳು ಓಟದ ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ವಿನಯದಿಂದ ನಿರಾಕರಿಸಿದರು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ ಶೆಟ್ಟರು ೧೪೩ ಮೀಟರನ್ನು ೧೩.೬೧ ಸೆಕೆಂಡುಗಳಲ್ಲಿ ಮುಟ್ಟಲು, ಮತ್ತೊಂದು ತ್ರೈರಾಶಿ, ೯.೫೧!

ಓಟಗಾರರ ಹಿರಿಮೆಯಲ್ಲಿ ನಮಗೆ ಸಂದೇಹವಿಲ್ಲ. ತ್ರೈರಾಶಿಯ ಮೇಲೆ ಮಾತ್ರ ಸಂದೇಹ. ಒಬ್ಬನು ಗಟ್ಟಿನೆಲದ ಮೇಲೆ ನಿಂತಲ್ಲಿಂದ ತನ್ನ ಕಾಲನ್ನೇ ನಂಬಿ ಓಡಿದನು. ಇನ್ನೊಬ್ಬನು ಕೆಸರಿನಲ್ಲಿ, ಎರಡು ಕೋಣಗಳು ಮುಂದೆ ಎಳೆಯುತ್ತಿರಲು ಓಡಿದನು. ಐಕಳದ ಕೆಸರೇ ಬೇರೆ, ವೇಣೂರಿನ ಕೆಸರೇ ಬೇರೆ. ಒಂದು ಕರೆಯ ಉದ್ದ ಇನ್ನೊಂದಕ್ಕಿಲ್ಲ. ೨೦೨೩ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಕರೆಯ ಉದ್ದ ೧೫೫ ಮೀಟರು. ಇಂತಿರುವಾಗ ಒಂದೇ ಕರೆಯಲ್ಲಿ, ಒಂದೇ ದಿನ ಓಡಿದವರನ್ನು ಮಾತ್ರ ಹೋಲಿಸಬಹುದು. ಕಂಬಳದವರು ಇದನ್ನು ನಮಗಿಂತ ಮೊದಲೇ ಬಲ್ಲರು. ಅದಕ್ಕಾಗಿಯೇ ‘ಜೋಡುಕರೆ’ಯನ್ನು ಮಾಡಿ ಎರಡು ಜೋಡಿಗಳನ್ನು ಪಕ್ಕಪಕ್ಕದಲ್ಲಿ ಒಂದೇ ಗಳಿಗೆಯಲ್ಲಿ ಬಿಡುವುದು. ಮುಟ್ಟುವ ಕಡೆಯಲ್ಲಿ ಕಣ್ಣಿನ ತೀರ್ಪಿಗೆ ಬದಲಾಗಿ ಬೆಳಕಿನ ಕಿರಣವನ್ನೂ ಕ್ಯಾಮರಾವನ್ನೂ ಇಟ್ಟಮೇಲೆ ಜಗಳಗಳಿಗೆ ಎಡೆ ಕಿರಿದಾಯಿತು.

ಆದರೆ ಕಂಬಳದಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ವೇಗವಲ್ಲ, ‘ಕನೆಹಲಗೆ’. ಓಡಿಸುವವನು ಎರಡು ತೂತುಗಳುಳ್ಳ ಒಂದು ಹಲಗೆಯ ಮೇಲೆ ಕಾಲೂರಿ ನಿಲ್ಲುವನು. ಕೋಣಗಳು ಓಡುವಾಗ ಆ ತೂತುಗಳಿಂದ ನೀರು ಕಾರಂಜಿಯಂತೆ ಮೇಲಕ್ಕೆ ಚಿಮ್ಮುವುದು. ಕರೆಗೆ ಅಡ್ಡಲಾಗಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಬಟ್ಟೆಯ ನಿಶಾನೆಯನ್ನು ಕಟ್ಟಿರುವರು. ನೀರು ನಿಶಾನೆಯನ್ನು ತೋಯಿಸಿತೋ ಇಲ್ಲವೋ, ಇಷ್ಟೇ ಪ್ರಶ್ನೆ. ತೋಯಿಸಿದವರು ಹಲವರಿದ್ದರೆ ಎಲ್ಲರಿಗೂ ಸಮಾನ ಬಹುಮಾನ! ಒಬ್ಬನ ಗೆಲುವು ಇನ್ನೊಬ್ಬನ ಪಾಲನ್ನು ಕೀಳಾಗಿಸುವುದಿಲ್ಲ. ಕಿರಿಯ ತಮ್ಮನಿಗೆ ಬೀಸಿದ ಗಾಳಿ ಹಿರಿಯನನ್ನು ಮುಳುಗಿಸುವುದಿಲ್ಲ. ವಿಮಾನದಿಂದ ಧುಮುಕುವವರು ಹುಡುಕುತ್ತಿರುವ ಸ್ಥಿರವಾದ ಅಳತೆಯು ನಮ್ಮ ಬೇಸಾಯಗಾರರ ಬಟ್ಟೆಯ ತುಂಡಿನಲ್ಲಿದೆ.

ಇನ್ನು ನಮ್ಮ ಸೀಮೆ. ನೆರೆಯ ರಾಯಚೂರಿನಲ್ಲಿ ಕಾರಹುಣ್ಣಿಮೆಯ ಸಮಯದಲ್ಲಿ ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬವನ್ನು ನಡೆಸಿ ಎತ್ತುಗಳಿಂದ ಕಲ್ಲು ಎಳೆಯಿಸುವ ಪಂದ್ಯವನ್ನಿಡುವರು. ಒಂದೂವರೆ ಟನ್ನು, ಎರಡು ಟನ್ನು ತೂಕದ ಕಲ್ಲುಗಳು; ನೇಮಿಸಿದ ವೇಳೆಯೊಳಗೆ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಭೀಮಾ ಕೃಷ್ಣೆಗಳ ನಡುವಣ ಒಕ್ಕಲುಮಕ್ಕಳಿಗೆ ಇದು ಬರಿಯ ವಿನೋದವಲ್ಲ. ಇಂಥ ಜೋಡಿಯನ್ನು ಸಾಕುವವನು ಹುರುಳಿ, ಹತ್ತಿಕಾಳು, ಹಿಂಡಿಗಳಿಗಾಗಿ ಮನೆಯ ಮಕ್ಕಳ ಪಾಲನ್ನೂ ಕೆಲವು ವೇಳೆ ಹಿಡಿಯುತ್ತಾನೆ. ಗೆದ್ದ ಜೋಡಿಯ ಬೆಲೆ ಒಂದೇ ದಿನದಲ್ಲಿ ಏರುವುದು, ಸೋತುದರ ಬೆಲೆ ಇಳಿಯುವುದು. ಆದುದರಿಂದ ಇಲ್ಲಿ ಲೆಕ್ಕದ ತಪ್ಪು ಮನೆಯ ಅಡಿಗೆಮನೆಯವರೆಗೂ ಬಂದು ಮುಟ್ಟುತ್ತದೆ.

ಇಲ್ಲಿಯೂ ಜೋಡಿಗಳು ಒಂದರ ತರುವಾಯ ಒಂದು ಬರುತ್ತವೆ. ನಮ್ಮ ಗಾಳಿಯೆಂದರೆ ಬಿಸಿಲು. ಕಾರಹುಣ್ಣಿಮೆಯ ವೇಳೆಗೆ ಮಳೆ ಹಿಡಿಯದಿದ್ದರೆ ಬೆಳಗಿನ ಎಂಟು ಗಂಟೆಗೂ ನಡುಹಗಲಿಗೂ ಇರುವ ಭೇದವನ್ನು ಯಾದಗಿರಿಯವರಿಗೆ ವಿವರಿಸಬೇಕಾದುದಿಲ್ಲ. ತಂಪಿನಲ್ಲಿ ಎಳೆದ ಜೋಡಿಯ ಅಡಿಗಳನ್ನೂ ಕಾದ ನೆಲದಲ್ಲಿ ನೊರೆ ಸುರಿಸುತ್ತ ಎಳೆದ ಜೋಡಿಯ ಅಡಿಗಳನ್ನೂ ಒಂದೇ ಟೇಪಿನಿಂದ ಅಳೆದರೆ ಟೇಪು ಸುಳ್ಳು ಹೇಳದಿರಬಹುದು, ಫಲಿತಾಂಶ ಸುಳ್ಳು ಹೇಳುವುದು. ಮೇಲಾಗಿ ಕಲ್ಲು ಹತ್ತು ಸಲ ಉಜ್ಜಿದ ನೆಲ ಮೊದಲಿನ ನೆಲವಾಗಿ ಉಳಿಯುವುದೇ? ಕೃಷ್ಣೆಯ ಆಚೆ ಆಂಧ್ರ ತೆಲಂಗಾಣಗಳ ಬಂಡೆ ಎಳೆಯುವ ಪಂದ್ಯಗಳಲ್ಲಿ ಎತ್ತಿನ ಹಲ್ಲು ನೋಡಿ ಎರಡು ಹಲ್ಲಿನವು, ನಾಲ್ಕು ಹಲ್ಲಿನವು, ಆರು ಹಲ್ಲಿನವು ಎಂದು ವರ್ಗ ಮಾಡುವರು. ಎಳೆಯ ಹೋರಿಯನ್ನು ಬಲಿತ ಎತ್ತಿನೊಡನೆ ಹೂಡದ ಈ ಕ್ರಮ ಬಲು ಜಾಣತನದ್ದು. ವಯಸ್ಸಿಗೆ ವರ್ಗ ಮಾಡಿದವರು ಹೊತ್ತಿಗೂ ವರ್ಗ ಮಾಡಬೇಕು: ಬೆಳಗಿನವರಿಗೆ ಬೇರೆ, ಸಂಜೆಯವರಿಗೆ ಬೇರೆ, ನಡುಹಗಲಿನಲ್ಲಿ ಯಾರಿಗೂ ಬೇಡ.

ಕೊಡೆಸವಾರನು ಅಪಾಯವನ್ನು ತಾನೇ ಬಯಸಿ ಬಂದವನು. ಎತ್ತು ಕೋಣಗಳು ಬಯಸಿ ಬಂದವುಗಳಲ್ಲ. ಕಡೆಯ ಒಂದು ಗಜಕ್ಕೂ ಬಹುಮಾನವಿರುವಲ್ಲಿ ಬಾರುಕೋಲು ಮೇಲೇಳುವುದು ಸಹಜ. ೨೦೧೪ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ತಡೆದಾಗ ಕಂಬಳಕ್ಕೂ ಕುತ್ತು ಬಂದು, ೨೦೧೬ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ನಿಲ್ಲಿಸಿದ್ದು ಈ ಹಿಂಸೆಯ ಪ್ರಶ್ನೆಯಿಂದಲೇ. ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಷರತ್ತುಗಳೊಡನೆ ಎಡೆಕೊಟ್ಟ ಕರ್ನಾಟಕದ ತಿದ್ದುಪಡಿ ೨೦೧೭ರದು. ೨೦೨೩ರ ಮೇ ೧೮ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಷರತ್ತುಗಳನ್ನು ಪೋಲೀಸರ ಕಣ್ಣಿಗೆ ಬಿಟ್ಟರೆ ಸಾಲದು. ಅಂಕದ ಲೆಕ್ಕದಲ್ಲಿಯೇ ಅವು ಸೇರಬೇಕು. ಒಂದು ಏಟಿಗೆ ಇಷ್ಟು ಅಡಿ ಕಳೆಯಿತು, ಎತ್ತು ಮಂಡಿಯೂರಿದರೆ ಎಳೆತ ಅಲ್ಲಿಗೆ ನಿಂತಿತು, ಆದರೆ ಅಲ್ಲಿಯವರೆಗಿನ ದೂರ ಅದರದೇ ಎಂದು ಮೊದಲೇ ಸಾರಿದರೆ, ಒಡೆಯನ ಲೋಭವೇ ಎತ್ತಿನ ಕಾವಲಾಗುವುದು. ಹಿಂದೆಗೆದ ಸವಾರನಿಗೆ ಅಂಕ ಉಳಿಸಬೇಕೆಂದು ಮೇಲೆ ಹೇಳಿದುದೂ ಇದೇ ಯುಕ್ತಿಯಿಂದ.

ಕಲ್ಲು ಎಳೆಯುವ ಪಂದ್ಯವನ್ನು ಹೂಡುವ ಜಾತ್ರೆಯ ಹಿರಿಯರು ಮಾಡಬಹುದಾದುದು ಹೆಚ್ಚು ಖರ್ಚಿನದಲ್ಲ. ನಿಯಮಗಳನ್ನು ಒಂದು ವಾರ ಮುಂಚಿತವಾಗಿ ಬರೆಯಿಸಿ ಚಾವಡಿಯ ಗೋಡೆಗೆ ಅಂಟಿಸಲಿ. ಸರದಿಯ ಚೀಟಿಯನ್ನು ಎಲ್ಲರ ಮುಂದೆ ಒಂದು ಮಗುವಿನ ಕೈಯಿಂದ ಎತ್ತಿಸಲಿ. ಪ್ರತಿ ಜೋಡಿಯ ತರುವಾಯ ನೆಲವನ್ನು ಕುಂಟೆ ಹೊಡೆದು ಸಮಮಾಡಲಿ. ಸಾಧ್ಯವಿದ್ದರೆ ಪ್ರತಿ ಜೋಡಿಗೂ ಅರ್ಧ ವೇಳೆಯ ಎರಡು ಎಳೆತಗಳನ್ನು ಕೊಟ್ಟು, ಬೆಳಗ್ಗೆ ಮೊದಲು ಬಂದುದನ್ನು ಸಂಜೆ ಕೊನೆಗೆ ಕರೆಯಲಿ. ಹೀಗೆ ಮಾಡಿದರೆ ಹೊತ್ತು ಮೀರುವುದು, ದೂರದಿಂದ ಬಂದವರು ಇರುಳಾಗುವ ಮೊದಲು ಊರು ಸೇರಲಾರರು ಎಂದು ಕೆಲವರು ಹೇಳುವರು. ಆ ಮಾತು ನಿಜವೇ. ಹಾಗಿದ್ದರೆ ಮೂವತ್ತು ಜೋಡಿಗಳಿಗೆ ಬದಲು ಹದಿನೈದನ್ನೇ ಕರೆಯಲಿ, ಉಳಿದವು ಮರುದಿನ ಬರಲಿ. ನಡುಹಗಲಿನಲ್ಲಿ ಎತ್ತುಗಳೂ ಪಂಚರೂ ಬೇವಿನ ನೆರಳಿನಲ್ಲಿ ನೀರು ಕುಡಿದು ವಿಶ್ರಮಿಸಲಿ.